ಚಮಚದ ಮೇಲಿನ ಹೆಸರು

ಸೂರತ್ತಿನ ಹತ್ತಿರ, ಹಜೀರಾದ ಒಂದು ಕಂಪನಿ ಕಾಲೊನಿಯಲ್ಲಿ ಯಾರನ್ನಾದರೂ ನಿಲ್ಲಿಸಿ, ಗಗನಯಾತ್ರಿಗಳು ಬಳಸಿದ ಸಾಮಾನು ಕೂಡಿಟ್ಟಿರುವ ಮನೆ ಯಾವುದು ಎಂದು ಕೇಳಿ. ಗೇಟಿನ ಸೆಕ್ಯೂರಿಟಿಯವನಿಂದ ಹಿಡಿದು ಹಾಲು ಹಾಕುವವನ ತನಕ ಎಲ್ಲರದೂ ಒಂದೇ ಉತ್ತರ: ಹೊಸಮನಿ ಸಾಹೇಬರ ಮನೆ, ಡಿ ಬ್ಲಾಕು, ಹನ್ನೊಂದನೇ ಕ್ವಾರ್ಟರ್ಸು. ಕ್ವಾರ್ಟರ್ಸಿನ ನಂಬರು ಸರಿ. ಉಳಿದದ್ದು ಶುದ್ಧ ಸುಳ್ಳು. ಆ ಸಾಮಾನು ಕೂಡಿಟ್ಟವಳು ಸಾಹೇಬರ ಹೆಂಡತಿ ಕಮಲಾಕ್ಷಿ. ಇಪ್ಪತ್ತು ವರ್ಷ, ಒಂದೊಂದಾಗಿ, ತನ್ನ ಸಂಬಳದಲ್ಲಿ, ತನ್ನ ತಲೆ ಓಡಿಸಿ, ತನ್ನ ಕಣ್ಣು ಕೆಡಿಸಿಕೊಂಡು ಕೂಡಿಟ್ಟದ್ದು. ಸಾಹೇಬರು ಮಾಡಿದ ಕೆಲಸವೆಂದರೆ ಬಂದವರಿಗೆ ತೋರಿಸಿದ್ದು.

ಕಮಲಾಕ್ಷಿಗೆ ಈಗ ಐವತ್ತು. ಹುಟ್ಟಿ ಬೆಳೆದದ್ದು ವಡೋದರದ ಪ್ರತಾಪನಗರದ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಗದಗಿನ ಕಡೆಯವರು, ಗೂಡ್ಸ್ ಗಾಡಿಯ ಗಾರ್ಡು. ೧೯೮೪ರಲ್ಲಿ ನಮ್ಮ ದೇಶದವರೊಬ್ಬರು ಮೊದಲ ಸಲ ಬಾಹ್ಯಾಕಾಶಕ್ಕೆ ಹೋದಾಗ ಅವಳಿಗೆ ಹತ್ತು ವರ್ಷ. ಪಕ್ಕದ ಮನೆಯ ಟಿವಿಯ ಮುಂದೆ ಇಡೀ ಸಾಲಿನ ಮಕ್ಕಳು ಕೂತಿದ್ದರು. ಮಿಕ್ಕವರೆಲ್ಲ ರಾಕೆಟ್ಟಿನ ಬೆಂಕಿ ನೋಡಿ ಚಪ್ಪಾಳೆ ಹೊಡೆದರೆ ಇವಳಿಗೆ ಬೇರೆಯದೇ ಚಿಂತೆ. ಅವರ ಜೇಬಿನಲ್ಲಿ ಏನಿದೆ? ಯಾವುದರಲ್ಲಿ ಉಣ್ಣುತ್ತಾರೆ? ಹಲ್ಲುಜ್ಜುವ ಬ್ರಷ್ಷು ಮನೆಯಿಂದ ಒಯ್ದದ್ದೋ, ಸರಕಾರ ಕೊಟ್ಟದ್ದೋ? ಅಪ್ಪನನ್ನು ಕೇಳಿದಳು. ಅಪ್ಪನಿಗೆ ಗೊತ್ತಿರಲಿಲ್ಲ, ಆದರೆ ಅವರು ನಗಲಿಲ್ಲ. ದೂರ ಹೋಗುವವನ ಹತ್ತಿರ ಸಾಮಾನು ಕಡಿಮೆ, ಅದಕ್ಕೇ ಒಂದೊಂದರ ಮೇಲೂ ಅವನಿಗೆ ಜೀವ ಎಂದಷ್ಟೇ ಹೇಳಿದರು. ಆ ಹುಡುಗಿಗೆ ಅಷ್ಟು ಸಾಕಾಯಿತು.

ಓದು ಮುಗಿದ ಮೇಲೆ ಜೀವವಿಮೆ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಮದುವೆಯಾಗಿ ಸೂರತ್ತಿಗೆ ಬಂದಳು. ಗಂಡ ಮಲ್ಲಿಕಾರ್ಜುನ ಹೊಸಮನಿ ಹಜೀರಾದ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಅವರೂ ಗದಗಿನವರೇ. ಕುಡಿತವಿಲ್ಲ, ಜೂಜಿಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವರಲ್ಲ. ಇಂಥ ಗಂಡನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಅನುಭವಿಸಿದವರಿಗೇ ಗೊತ್ತು. ಊರೆಲ್ಲ ಅವರ ಕಡೆಗೇ ಇರುತ್ತದೆ.

ಸೂರತ್ತಿನ ಅಡಾಜಣದ ಒಂದು ಸೈಬರ್ ಕೆಫೆಯಲ್ಲಿ, ಆಫೀಸು ಮುಗಿಸಿ ಹಜೀರಾದ ಬಸ್ಸಿಗೆ ಕಾಯುವ ಮುಕ್ಕಾಲು ಗಂಟೆಯಲ್ಲಿ, ಕಮಲಾಕ್ಷಿ ಈ ಲೋಕವನ್ನು ಕಂಡುಹಿಡಿದಳು. ಗಗನಯಾತ್ರಿಗಳು ಮುದುಕರಾದ ಮೇಲೆ ತಮ್ಮ ಸಣ್ಣಪುಟ್ಟ ವಸ್ತುಗಳನ್ನು ಮಾರುತ್ತಾರೆ, ಇಲ್ಲವೇ ಅವರು ಸತ್ತ ಮೇಲೆ ಮನೆಯವರು ಮಾರುತ್ತಾರೆ. ಅದನ್ನು ಕೊಳ್ಳುವವರ ಒಂದು ಬಳಗವೇ ಜಗತ್ತಿನ ತುಂಬ ಇದೆ. ಹೆಲ್ಮೆಟ್ಟು, ಸೂಟು ಕೊಳ್ಳಲು ಇವಳೇನು ಸೂರತ್ತಿನ ವಜ್ರದ ವ್ಯಾಪಾರಿಯಲ್ಲ. ಯಾರ ಕಣ್ಣಿಗೂ ಬೀಳದ ವಸ್ತುಗಳನ್ನು ಆರಿಸಿದಳು. ತರಬೇತಿಯ ಅಂಗಿಯಿಂದ ಬಿಚ್ಚಿದ ಬೆರಳುದ್ದದ ಹೆಸರಿನ ಪಟ್ಟಿ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ, ಮೇಲೆ ಹೋಗಿ ಬಂದ ಒಂದು ಪುಟ. ಬೆವರಿನಿಂದ ಬಣ್ಣ ಹೋದ ಕೈಗಡಿಯಾರದ ಪಟ್ಟಿ. ಅರ್ಧ ಸವೆದ ಪೆನ್ಸಿಲ್ಲು.

ಈ ಬಳಗದಲ್ಲಿ ಎರಡು ಕಟ್ಟಳೆಗಳಿವೆ. ಮೊದಲನೆಯದು, ವಸ್ತು ಹೇಗೆ ಬಂತೋ ಹಾಗೇ ಇರಬೇಕು. ಒಗೆಯುವಂತಿಲ್ಲ, ತಿಕ್ಕುವಂತಿಲ್ಲ, ಹೊಳಪು ಕೊಡುವಂತಿಲ್ಲ. ಎರಡನೆಯದು, ಅದು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದಕ್ಕೆ ಕಾಗದ ಇರಬೇಕು. ಕಾಗದವಿಲ್ಲದ ವಸ್ತು ಗುಜರಿಗೆ ಸಮ. ಕಮಲಾಕ್ಷಿ ಒಂದೊಂದಕ್ಕೂ ಒಂದು ಫೈಲು ಮಾಡಿದಳು.

ಆ ಫೈಲುಗಳಲ್ಲಿ ಅವಳ ಹೆಸರು ಎಲ್ಲೂ ಇರಲಿಲ್ಲ. ಕಾರಣ ಬಹಳ ಸಾದಾ. ಕಾಲೊನಿಯ ಗೇಟಿನಲ್ಲಿ ಪಾರ್ಸಲ್ಲು ಒಳಗೆ ಬರಬೇಕಾದರೆ ಅದರ ಮೇಲೆ ನೌಕರನ ಹೆಸರು, ಕ್ವಾರ್ಟರ್ಸಿನ ನಂಬರು ಇರಬೇಕು. ನೌಕರನ ಹೆಂಡತಿಯ ಹೆಸರಿಗೆ ಬಂದದ್ದು ಗೇಟಿನಲ್ಲೇ ನಾಲ್ಕು ದಿನ ಬಿದ್ದಿರುತ್ತದೆ, ಆಮೇಲೆ ವಾಪಸ್ಸು. ವಿದೇಶಕ್ಕೆ ಹಣ ಕಟ್ಟಲು ನಡೆಯುವ ಬ್ಯಾಂಕಿನ ಕಾರ್ಡೂ ಆಗ ಇದ್ದದ್ದು ಗಂಡನ ಹೆಸರಿನಲ್ಲೇ, ಅದರ ಬಿಲ್ಲು ಮಾತ್ರ ಅವಳ ಸಂಬಳದಿಂದ. ಹೀಗಾಗಿ ಪ್ರತಿಯೊಂದು ರಸೀದಿ, ಪ್ರತಿಯೊಂದು ಪ್ರಮಾಣಪತ್ರ ಹೊಸಮನಿ ಸಾಹೇಬರಿಗೆ. ಮಾರಿದ್ದು ಯಾರಿಗೆ? ಶ್ರೀ ಎಂ. ಎಸ್. ಹೊಸಮನಿ, ಸೂರತ್.

ಇದನ್ನು ನೆನೆದರೆ ಅವಳಿಗೆ ಮೊದಲು ಸಿಟ್ಟು ಬರುವುದು ತನ್ನ ಮೇಲೆಯೇ. ಆಫೀಸಿನಲ್ಲಿ ಅವಳು ಕೂತದ್ದು ಕ್ಲೇಮು ವಿಭಾಗದಲ್ಲಿ. ಪಾಲಿಸಿಯಲ್ಲಿ ಒಂದು ಹೆಸರು, ಮರಣಪತ್ರದಲ್ಲಿ ಇನ್ನೊಂದು ಇದ್ದರೆ ಸೂರತ್ತಿನ ಪಕ್ಕದ ಸಚಿನ್ ಎಂಬ ಊರಿನ ಕಾರ್ಖಾನೆಗಳಿಂದ ಬಂದ ವಿಧವೆಯರನ್ನು ಅವಳೇ ತಿರುಗಿ ಕಳಿಸಿದ್ದಾಳೆ. ಕಾಗದದಲ್ಲಿ ಇಲ್ಲದವರು ಇಲ್ಲವೇ ಇಲ್ಲ ಎಂದು ಪಾಠ ಹೇಳಿದವಳು ತನ್ನ ಮನೆಯಲ್ಲಿ ಮಾತ್ರ, ಕಾಗದದಲ್ಲೇನಿದೆ ಬಿಡು ಎಂದುಕೊಂಡಳು.

ಅವಳ ಸಂಗ್ರಹಕ್ಕೆ ಕಳಶವಿಟ್ಟಂತಿದ್ದದ್ದು ಒಂದು ಚಮಚ. ರಷ್ಯದ ಒಬ್ಬ ಮುದುಕ ಗಗನಯಾತ್ರಿಯದು. ಆಳವಾದ ಡಬ್ಬಿಯ ತಳ ಮುಟ್ಟುವಂಥ ಉದ್ದ ಹಿಡಿ. ತಿಂಗಳುಗಟ್ಟಲೆ ಆಕಾಶದಲ್ಲಿ ಆತ ಉಂಡದ್ದು ಅದರಲ್ಲೇ. ವ್ಯಾಪಾರಿಯ ಮೂಲಕ ವಿಳಾಸ ಹಿಡಿದು, ಒಂದು ವರ್ಷ ಪತ್ರ ಬರೆದು, ಅವನನ್ನು ಒಪ್ಪಿಸಿ ಕೊಂಡದ್ದು. ಚಮಚದ ಜೊತೆ ಅವನ ಕೈಬರಹದ ಒಂದು ಹಾಳೆಯೂ ಬಂತು. ಊಟದ ಮೇಜಿನ ಹತ್ತಿರ ಚಮಚಗಳು ಅದಲುಬದಲಾಗಿ ಜಗಳವಾಗುತ್ತಿದ್ದವಂತೆ. ಅದಕ್ಕೆ ಆತ ಒಂದು ಮೊನೆಯಿಂದ ಹಿಡಿಯ ಮೇಲೆ ತನ್ನ ಹೆಸರಿನ ಎರಡಕ್ಷರ ಗೀಚಿಕೊಂಡನಂತೆ. ವಕ್ರವಕ್ರವಾದ ಎರಡಕ್ಷರ. ಬಟ್ಟಲಿನ ಒಳಮೂಲೆಯಲ್ಲಿ ಒಂದು ಕಂದು ಕಲೆ, ಯಾವುದೋ ಊಟದ್ದು. ಪತ್ರದ ಮೇಲೊಕ್ಕಣೆ ಮಾತ್ರ ‘ಪ್ರಿಯ ಹೊಸಮನಿ ಮಹಾಶಯರೇ’. ಕಮಲಾಕ್ಷಿ ಅದನ್ನು ಓದಿ ಅಂದು ನಕ್ಕಿದ್ದಳು.

ಮನೆಯಲ್ಲಿ ಆ ಚಮಚಕ್ಕೆ ಸಿಕ್ಕ ಮರ್ಯಾದೆ ಅಷ್ಟಕ್ಕಷ್ಟೆ. ಯಾರೋ ಉಂಡು ತೊಳೆಯದೆ ಬಿಟ್ಟ ಎಂಜಲು ಚಮಚಕ್ಕೆ ಮಖಮಲ್ಲಿನ ಹಾಸಿಗೆ, ನಮ್ಮ ಬೆಳ್ಳಿ ಲೋಟಕ್ಕೆ ಹಳೇ ಪತ್ರಿಕೆ ಎಂದು ಅತ್ತೆ ಇರುವ ತನಕ ಆಡಿಕೊಂಡರು. ಕಮಲಾಕ್ಷಿ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅತ್ತೆ ನಗುತ್ತಿದ್ದರು, ಆದರೆ ಅದು ಸೊಸೆಯ ಹುಚ್ಚು ಎಂದೇ ನಗುತ್ತಿದ್ದರು. ಆ ಹುಚ್ಚನ್ನು ಯಾರಿಗೂ ದಾಟಿಸಲಿಲ್ಲ.

ದಾಟಿಸಿಕೊಂಡವರು ಮಲ್ಲಿಕಾರ್ಜುನರು. ಅದೂ ತಮಗೇ ಗೊತ್ತಾಗದಂತೆ. ಮೊದಮೊದಲು ಬಂದ ನೆಂಟರಿಗೆ ‘ಇದು ಕಮಲಾಂದು’ ಎನ್ನುತ್ತಿದ್ದರು. ಕೆಲವು ವರ್ಷಕ್ಕೆ ಅದು ‘ನಮ್ದು’ ಆಯಿತು. ಕಂಪನಿಯ ಮೇಲಧಿಕಾರಿಗಳು ಮನೆಗೆ ಬರತೊಡಗಿದ ಮೇಲೆ ‘ನಂದು’ ಆಯಿತು. ಅವರು ಕಪಾಟು ತೆರೆದು ಕತೆ ಹೇಳುವಾಗ ಕಮಲಾಕ್ಷಿ ಒಳಗಿನಿಂದ ಚಹಾ, ಖಾಖ್ರಾ ತರುತ್ತಿದ್ದಳು. ರಷ್ಯಕ್ಕೆ ನಾನು ಬರೆದೆ, ಮುದುಕ ಒಪ್ಪಲಿಲ್ಲ, ನಾನು ಮತ್ತೆ ಬರೆದೆ ಎಂದು ಅವರು ಹೇಳುವುದು ಅವಳ ಕಿವಿಗೆ ಬೀಳುತ್ತಿತ್ತು. ಅದರಲ್ಲಿ ತಪ್ಪುಗಳೂ ಇರುತ್ತಿದ್ದವು. ಗಡಿಯಾರದ ಪಟ್ಟಿ ಚಂದ್ರನ ಮೇಲೆ ಹೋದದ್ದು ಎನ್ನುತ್ತಿದ್ದರು. ಅದು ಭೂಮಿಯ ಸುತ್ತ ಸುತ್ತಿದ್ದೇ ಹೊರತು ಚಂದ್ರನ ಮುಖ ನೋಡಿದ್ದಲ್ಲ. ತಿದ್ದಲು ಹೋದರೆ, ನಮ್ಮ ಮನೆಯವರಿಗೂ ಇದರಲ್ಲಿ ಸ್ವಲ್ಪ ಆಸಕ್ತಿ ಇದೆ ಎಂದು ಅತಿಥಿಗಳ ಕಡೆ ನೋಡಿ ಮೆಚ್ಚುಗೆಯಿಂದ ಹೇಳುತ್ತಿದ್ದರು. ಅವಳಿಗೆ ಅಂಗಾಲಿನಿಂದ ನೆತ್ತಿಯ ತನಕ ಉರಿಯುತ್ತಿತ್ತು. ಚಹಾದ ತಟ್ಟೆ ಹಿಡಿದು ಒಳಗೆ ಹೋಗುತ್ತಿದ್ದಳು.

ಮಗಳು ಪೂರ್ವಿ ಏಳನೆಯ ತರಗತಿಯಲ್ಲಿ ಪ್ರಬಂಧ ಬರೆದಳು: ನನ್ನ ತಂದೆಯ ಹವ್ಯಾಸ. ಅದಕ್ಕೆ ಶಾಲೆಯಲ್ಲಿ ಬಹುಮಾನ ಬಂತು. ಆ ಪ್ರಬಂಧಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವಳೂ ಕಮಲಾಕ್ಷಿಯೇ. ಮಗುವಿನ ಖುಷಿ ಯಾಕೆ ಹಾಳುಮಾಡಬೇಕು ಎಂದುಕೊಂಡಳು. ಈಗ ಅನ್ನಿಸುತ್ತದೆ, ಅವತ್ತೇ ಹಾಳುಮಾಡಬೇಕಿತ್ತು.

ಹೋದ ವರ್ಷ ಅಹಮದಾಬಾದಿನಿಂದ ಫೋನು ಬಂತು. ಸಾಬರಮತಿ ಕನ್ನಡ ಕೂಟದ ಕಾರ್ಯದರ್ಶಿ ಸೀತಾರಾಮ ಅವರದು. ಮೈಸೂರಿನ ಕಡೆಯವರು, ಕೇಂದ್ರ ಸರಕಾರದ ಲೆಕ್ಕಪರಿಶೋಧನೆಯ ಇಲಾಖೆಯಿಂದ ನಿವೃತ್ತರು. ಮಣಿನಗರದ ಒಂದು ಶಾಲೆಯ ಹಾಲಿನಲ್ಲಿ ರಾಜ್ಯೋತ್ಸವ, ಅದಕ್ಕೆ ನಿಮ್ಮಲ್ಲಿರುವ ಗಗನಯಾತ್ರಿಗಳ ವಸ್ತುಗಳನ್ನು ಮಕ್ಕಳಿಗೆ ತೋರಿಸಬಹುದೇ ಎಂದು ಕೇಳಿದರು. ಫೋನು ಎತ್ತಿದವಳು ಕಮಲಾಕ್ಷಿಯಾದ್ದರಿಂದ ಒಪ್ಪಿದವಳೂ ಅವಳೇ. ಇಪ್ಪತ್ತು ವರ್ಷ ಕಪಾಟಿನಲ್ಲಿದ್ದದ್ದು ಮೊದಲ ಸಲ ನಾಲ್ಕು ಜನರ ಮುಂದೆ ಬರುತ್ತದೆ. ಖುಷಿಯಲ್ಲಿ ಅವಳಿಗೆ ಎರಡು ದಿನ ಊಟ ಸೇರಲಿಲ್ಲ. ಸೀತಾರಾಮರು ಕೇಳಿದಂತೆ ಎಲ್ಲ ಫೈಲುಗಳ ಪ್ರತಿ ತೆಗೆದು ಕಳಿಸಿದಳು.

ವಾರದ ಮೇಲೆ ವಾಟ್ಸಾಪಿನಲ್ಲಿ ಆಮಂತ್ರಣ ಬಂತು. ‘ಶ್ರೀ ಎಂ. ಎಸ್. ಹೊಸಮನಿಯವರ ಅಪೂರ್ವ ಸಂಗ್ರಹದ ಪ್ರದರ್ಶನ. ಸಂಗ್ರಾಹಕರಿಗೆ ಸನ್ಮಾನ.’ ಅದರ ಕೆಳಗೆ, ‘ಮಹಿಳೆಯರಿಗೆ ರಂಗೋಲಿ ಸ್ಪರ್ಧೆ.’

ಕಮಲಾಕ್ಷಿ ಬಸ್ಸಿನಲ್ಲಿ ನಿಂತುಕೊಂಡೇ ಸೀತಾರಾಮರಿಗೆ ಫೋನು ಹಚ್ಚಿದಳು. ಇದು ನನ್ನ ಸಂಗ್ರಹ, ತಿದ್ದಿ ಎಂದಳು. ಆ ಮನುಷ್ಯನ ದನಿಯಲ್ಲಿ ಒರಟುತನ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ತಿರುಗಿ ಬೈಯಬಹುದಿತ್ತು.

“ಮೇಡಂ, ನೀವು ಕಳಿಸಿದ ಹದಿನೇಳು ಫೈಲು ಪೂರ್ತಿ ಓದಿದೀನಿ. ಎಲ್ಲ ಕಾಗದದಲ್ಲೂ ಸಾರ್ ಹೆಸರೇ ಇದೆ. ಕಾಗದದಲ್ಲಿ ಇಲ್ಲದ್ದನ್ನ ನಾನು ಹೇಗೆ ಹಾಕಲಿ?”

ಶ್ರೀ ಮತ್ತು ಶ್ರೀಮತಿ ಎಂದು ಹಾಕಿಸಲೇ ಎಂದೂ ಕೇಳಿದರು. ಬೇಡ ಎಂದಳು. ಹಾಗಾದರೆ ಇದು ನನ್ನದಲ್ಲ, ನನ್ನ ಹೆಂಡತಿಯದು ಎಂದು ಸಾರ್ ಒಂದು ಸಾಲು ಬರೆದು ಸಹಿ ಮಾಡಿ ಕಳಿಸಲಿ, ಬದಲಾಯಿಸೋಣ ಎಂದರು. ಬೇರೆ ಯಾವ ಹೆಂಗಸಾದರೂ ಅವರ ಮೇಲೆ ಹರಿಹಾಯುತ್ತಿದ್ದಳೇನೋ. ಕಮಲಾಕ್ಷಿ ಸರಿ ಎಂದು ಫೋನು ಇಟ್ಟಳು. ಇದೇ ಮಾತನ್ನು ಇದೇ ತಣ್ಣನೆಯ ದನಿಯಲ್ಲಿ ಅವಳು ಎಷ್ಟು ಜನಕ್ಕೆ ಹೇಳಿರಲಿಲ್ಲ?

ಮನೆಗೆ ಬಂದು ಗಂಡನನ್ನು ಕೇಳಿದಳು. ಒಂದೇ ಸಾಲು, ಒಂದೇ ಸಹಿ. ಮಲ್ಲಿಕಾರ್ಜುನರು ನಕ್ಕರು. ನಿಂದು ನಂದು ಅಂತ ಯಾವಾಗಿಂದ ಶುರುವಾಯಿತು ಎಂದರು. ಬರೆಯೋಣ ಬಿಡು ಎಂದರು. ಮರುದಿನ ಕೇಳಿದಾಗ ಮೀಟಿಂಗ್ ಇತ್ತು. ಆಮೇಲೆ ಕೇಳಿದಾಗ ಆಡಿಟ್ ಇತ್ತು. ನಾಲ್ಕನೆಯ ಸಲ ಕೇಳಿದಾಗ ಅವರಿಗೂ ಬೇಸರವಾಗಿ, ಆಮಂತ್ರಣ ಆಗಲೇ ಆಫೀಸಿನವರಿಗೆಲ್ಲ ಹೋಗಿದೆ, ಈಗ ಬದಲಾಯಿಸಿದರೆ ಜನ ಏನಂದುಕೊಂಡಾರು ಎಂದರು. ಅಲ್ಲಿಗೆ ನಿಜ ಹೊರಗೆ ಬಂತು. ಇಷ್ಟು ದಿನ ಅವರು ಮರೆತಿರಲಿಲ್ಲ. ಬರೆಯಲು ಮನಸ್ಸಿರಲಿಲ್ಲ.

ಇನ್ನೊಂದು ಕಡೆಯಿಂದ ಕೂಟದವರ ಸೂಚನೆ ಬಂತು. ಊಟಕ್ಕೆ ಕಾಗದದ ತಟ್ಟೆ ಇಲ್ಲ, ಪ್ರತಿ ಕುಟುಂಬವೂ ತಟ್ಟೆ ಲೋಟ ಚಮಚ ತರಬೇಕು, ಅದಲುಬದಲಾಗದಂತೆ ಹೆಸರು ಇರಬೇಕು. ನಮ್ಮ ಜನಕ್ಕೆ ಇದನ್ನು ಹೇಳಬೇಕೇ? ಸ್ಟೀಲಿನ ಪಾತ್ರೆ ಮನೆಗೆ ಬಂದ ದಿನವೇ ಅದರ ಮೇಲೆ ಹೆಸರು ಕೊರೆಸುವುದು ಹುಟ್ಟಿದ ಮಗುವಿಗೆ ಹೆಸರಿಡುವಷ್ಟೇ ಖಾತ್ರಿ. ಹೊಸಮನಿಯವರ ಮನೆಯ ಬಿಂದಿಗೆಯಿಂದ ಸಾಸಿವೆ ಡಬ್ಬಿಯ ತನಕ ಎಲ್ಲದರ ಮೇಲೂ ಸೂರತ್ತಿನ ಅಂಗಡಿಯವನು ಗುಜರಾತಿ ಲಿಪಿಯಲ್ಲಿ ಕೊರೆದ ‘ಎಂ. ಎಸ್. ಹೊಸಮನಿ’ ಇದೆ. ಕಮಲಾಕ್ಷಿ ತನ್ನ ಬೋನಸ್ಸಿನಲ್ಲಿ ಕೊಂಡ ಕುಕ್ಕರಿನ ಮೇಲೂ ಅದೇ ಇದೆ.

ಗುರುವಾರ ಮಲ್ಲಿಕಾರ್ಜುನರಿಗೆ ವಾರದ ರಜೆ. ಹೊಸ ತಟ್ಟೆ ಲೋಟಗಳನ್ನು ಚೀಲಕ್ಕೆ ಹಾಕಿಕೊಂಡು ಹೆಸರು ಕೊರೆಸಲು ಚೌಟಾ ಬಜಾರಿಗೆ ಹೊರಟರು. ಹೊರಡುವ ಮುಂಚೆ ಅವರಿಗೆ ಒಂದು ಆಲೋಚನೆ ಬಂತು. ಅಹಮದಾಬಾದಿನಲ್ಲಿ ನೂರಾರು ಜನ ಸೇರುತ್ತಾರೆ, ಮಕ್ಕಳು ಮುಟ್ಟುತ್ತಾರೆ, ಯಾರಾದರೂ ಆ ರಷ್ಯದ ಚಮಚ ಎತ್ತಿಟ್ಟುಕೊಂಡರೆ? ನಮ್ಮದು ಎನ್ನಲು ಗುರುತು ಏನಿದೆ? ಕಪಾಟಿನ ಬೀಗದ ಕೈ ಎಲ್ಲಿರುತ್ತದೆಂದು ಅವರಿಗೆ ಗೊತ್ತಿತ್ತು.

ಸಂಜೆ ಕಮಲಾಕ್ಷಿ ಮನೆಗೆ ಬಂದಾಗ ಮೇಜಿನ ಮೇಲೆ ತಟ್ಟೆ, ಲೋಟಗಳ ಸಾಲು. ಕೊನೆಯಲ್ಲಿ ಮಖಮಲ್ಲಿನ ಡಬ್ಬಿ. ಮಲ್ಲಿಕಾರ್ಜುನರ ಮುಖದಲ್ಲಿ ಕೆಲಸ ಮಾಡಿ ಮುಗಿಸಿದ ಕಳೆ. ಅವಳು ಡಬ್ಬಿ ತೆರೆದಳು. ಹಿಡಿಯ ಉದ್ದಕ್ಕೂ, ಗಗನಯಾತ್ರಿ ಗೀಚಿದ ಎರಡಕ್ಷರಕ್ಕೆ ತಾಗಿದಂತೆ, ಗುಜರಾತಿ ಲಿಪಿಯಲ್ಲಿ ಗಂಡನ ಹೆಸರು ಫಳಫಳ ಹೊಳೆಯುತ್ತಿತ್ತು. ಬಟ್ಟಲಿನ ಕಂದು ಕಲೆ ಇರಲಿಲ್ಲ. ಪರಿಚಯದ ಅಂಗಡಿಯವನಾದ್ದರಿಂದ ಪುಕ್ಕಟೆಯಾಗಿ ಪಾಲಿಶ್ ಕೂಡ ಹೊಡೆದುಕೊಟ್ಟನಂತೆ. ಮಲ್ಲಿಕಾರ್ಜುನರು ಅದನ್ನೂ ಹೇಳಿದರು.

ಕಮಲಾಕ್ಷಿ ಚಮಚವನ್ನು ದೀಪದ ಕೆಳಗೆ ಹಿಡಿದು ಬಟ್ಟಲಿನ ಒಳಮೂಲೆಯನ್ನು ಮತ್ತೆ ಹುಡುಕಿದಳು. ಆ ಕಲೆ ಭೂಮಿಯ ಮೇಲೆ ಇನ್ನೆಲ್ಲೂ ಸಿಗುವಂಥದ್ದಲ್ಲ. ಚೌಟಾ ಬಜಾರಿನ ಒಂದು ಚಿಂದಿ ಬಟ್ಟೆ ಅದನ್ನು ಅರ್ಧ ನಿಮಿಷದಲ್ಲಿ ಒರೆಸಿಹಾಕಿತ್ತು.

ಅವಳ ಮುಖ ನೋಡಿ ಮಲ್ಲಿಕಾರ್ಜುನರಿಗೆ ಏನೋ ತಪ್ಪಾಗಿದೆ ಎಂದು ಹೊಳೆಯಿತು. ಏನು ಎಂದು ಹೊಳೆಯಲಿಲ್ಲ.

“ಕಳುವಾದ್ರ ನಮ್ದು ಅಂತ ಹೆಂಗ ಹೇಳೂದು? ಆ ಮನಷ್ಯಾನೂ ಹೆಸರು ಹಾಕ್ಯಾನ, ನಾವೂ ಹಾಕೀವಿ. ಅದರಾಗ ಏನ್ ಫರಕ?”

“ಅವ ತನ್ನ ಚಮಚದ ಮ್ಯಾಲ ತನ್ನ ಹೆಸರು ಕೊರಕೊಂಡಾನ್ರಿ. ನೀವು ನನ್ನ ಚಮಚದ ಮ್ಯಾಲ ನಿಮ್ಮ ಹೆಸರು ಕೊರಸೀರಿ.”

ಮಲ್ಲಿಕಾರ್ಜುನರಿಗೆ ನಿಜವಾಗಿಯೂ ಆ ಕ್ಷಣ ಅದು ಹೊಸ ಸುದ್ದಿ. ಇಪ್ಪತ್ತು ವರ್ಷ ಸುಳ್ಳು ಹೇಳಿದವರಿಗೆ ಒಂದು ಅನುಕೂಲವಿದೆ. ಅದು ಸುಳ್ಳೆಂದು ಕೊನೆಗೆ ಅವರಿಗೇ ನೆನಪಿರುವುದಿಲ್ಲ.

ಮರುದಿನ ಬೆಳಿಗ್ಗೆ ಕಮಲಾಕ್ಷಿ ರಜೆ ಹಾಕಿ, ಚಮಚ ಮತ್ತು ಫೈಲುಗಳ ಚೀಲ ಹಿಡಿದು ವಡೋದರದ ಗಾಡಿ ಹತ್ತಿದಳು. ನಿವೃತ್ತಿಯ ನಂತರಕ್ಕೆಂದು ಅಲ್ಲಿನ ಮಂಜಲ್‌ಪುರದಲ್ಲಿ ಇಬ್ಬರೂ ಸೇರಿ ಕೊಂಡ ಫ್ಲ್ಯಾಟ್ ಇದೆ. ಬಣ್ಣ ಹೊಡೆಯುವ ಕೆಲಸ ನಡೆದಿತ್ತು, ಕೂರಲು ಕುರ್ಚಿ ಇರಲಿಲ್ಲ. ಬಾಗಿಲಿಗೆ ಮಾತ್ರ ಆಗಲೇ ಹಿತ್ತಾಳೆಯ ಫಲಕ ಬಂದು ಕೂತಿತ್ತು: ಎಂ. ಎಸ್. ಹೊಸಮನಿ. ಅದನ್ನು ನೋಡಿ ಅವಳಿಗೆ ನಗು ಬಂತು, ಒಳ್ಳೆಯ ನಗುವಲ್ಲ.

ಪೂರ್ವಿ ಅಹಮದಾಬಾದಿನಿಂದ ಫೋನು ಮಾಡಿದಳು. ಅವಳು ಅಲ್ಲಿ ಕೆಲಸದಲ್ಲಿದ್ದಾಳೆ, ಕನ್ನಡ ಅವಳ ಬಾಯಲ್ಲಿ ಅರ್ಧ ದಾರಿಗೇ ನಿಂತುಬಿಡುತ್ತದೆ. ಅಪ್ಪ ಎಲ್ಲ ಹೇಳಿದ್ದರು.

“ಮಮ್ಮಿ, ಪಪ್ಪಾನ ಇಂಟೆನ್ಶನ್ ಗಲತ್ ನಹೀ ಥಾ ನಾ. ಬಫಿಂಗ್ ಮಾಡ್ಸಿ ಉಜ್ಜಿಸಿದ್ರ ಆ ನೇಮ್ ಹೋಗ್ತದ. ಪಪ್ಪಾನ ಕಲೆಕ್ಷನ್ ಸಲುವಾಗಿ ಇಷ್ಟು ಜಗಳ ಯಾಕ?”

ಯಾರ ಕಲೆಕ್ಷನ್ ಎಂದಿ, ಇನ್ನೊಮ್ಮೆ ಹೇಳು ಎಂದಳು ಕಮಲಾಕ್ಷಿ. ಮಗಳು ತಪ್ಪಾಯಿತು ಎಂದು ಇಂಗ್ಲಿಷಿನಲ್ಲಿ ಹೇಳಿ ಅತ್ತಳು. ಇವಳು ಸಮಾಧಾನ ಮಾಡಲಿಲ್ಲ. ಅದು ಅವಳ ಬದುಕಿನಲ್ಲೇ ಮೊದಲು.

ಬಫಿಂಗ್ ಮಾಡಿಸುವಂತಿಲ್ಲ. ಒಂದು ಹಾನಿಯನ್ನು ಮರೆಸಲು ಇನ್ನೊಂದು ಹಾನಿ ಮಾಡಬಾರದು, ಆದದ್ದನ್ನು ಆದಂತೆ ಬರೆದು ಫೈಲಿಗೆ ಸೇರಿಸಬೇಕು ಎಂಬುದು ಬಳಗದ ರೂಢಿ. ಅಂಥ ಬರಹಕ್ಕೆ ಸ್ಥಿತಿ ವರದಿ ಎಂದು ಹೆಸರು. ಕಮಲಾಕ್ಷಿ ಬಣ್ಣದ ಡಬ್ಬಿಯ ಮೇಲೆ ಹಲಗೆ ಇಟ್ಟು ಬರೆಯಲು ಕೂತಳು. ಡಿಸ್ಟೆಂಪರಿನ ವಾಸನೆಗೆ ತಲೆ ಸಿಡಿಯುತ್ತಿತ್ತು. ವಸ್ತು ಯಾವುದು, ಯಾರದಾಗಿತ್ತು, ಯಾರು ಕೊಂಡರು, ಯಾರ ಸಂಬಳದಿಂದ, ಕಾಗದಗಳಲ್ಲಿ ಬೇರೆ ಹೆಸರು ಯಾಕೆ ಇದೆ, ಯಾವ ದಿನ, ಯಾವ ಅಂಗಡಿಯಲ್ಲಿ, ಒಡತಿಗೆ ಹೇಳದೆ ಕೇಳದೆ ಯಾರು ಏನು ಕೊರೆಸಿದರು, ಏನು ಅಳಿಸಿಹೋಯಿತು. ಒಂದು ಬೈಗುಳವಿಲ್ಲ, ಒಂದು ಅಳುವಿಲ್ಲ. ಮೂರು ಸಲ ಹರಿದು ನಾಲ್ಕನೆಯ ಸಲ ಸರಿಹೋಯಿತು. ಕೊನೆಯಲ್ಲಿ ಸ್ಕೇಲು ಇಟ್ಟು ಎರಡು ಮನೆ ಎಳೆದಳು. ಒಂದರ ಮೇಲೆ ‘ಹಾನಿ ಮಾಡಿದವರ ಸಹಿ’, ಇನ್ನೊಂದರ ಮೇಲೆ ‘ಒಡೆಯರ ಸಹಿ’. ಮೊದಲು ಅವರು ಹಾಕಬೇಕು, ಆಮೇಲೆ ತಾನು. ಕಚೇರಿಯ ಕ್ರಮ ಅದೇ.

ಭಾನುವಾರ ಅವಳು ನೇರ ಮಣಿನಗರಕ್ಕೆ ಹೋದಳು. ಉಳಿದ ಹದಿನಾರು ವಸ್ತು ಮಲ್ಲಿಕಾರ್ಜುನರ ಕಾರಿನಲ್ಲಿ ಬಂದವು, ಚಮಚ ಇವಳ ಚೀಲದಲ್ಲಿ. ಗಾಜಿನ ಕೆಳಗೆ ಚಮಚವನ್ನು ಕೊರೆದ ಕಡೆ ಮೇಲೆ ಬರುವಂತೆ ಇಟ್ಟು, ಗಾಜಿನ ಪಕ್ಕದಲ್ಲಿ ವರದಿಯ ಹಾಳೆ ಇಟ್ಟಳು. ಸಹಿಯ ಮನೆಗಳು ಇನ್ನೂ ಖಾಲಿ.

ಜನ ಬಂದರು. ಬ್ಯಾಂಕಿನವರು, ರೈಲ್ವೆಯವರು, ಹೋಟೆಲಿನವರು, ರೇಷ್ಮೆ ಸೀರೆಯ ಹೆಂಗಸರು. ಪೆನ್ಸಿಲ್ಲು, ಪಟ್ಟಿಗಳ ಮುಂದೆ ನಿಲ್ಲದೆ ಹಾದುಹೋದವರು ಚಮಚದ ಮುಂದೆ ನಿಂತರು. ಓದಿದರು. ಕೆಲವರು ಕಿಸಕ್ಕೆಂದರು. ಒಬ್ಬ ಅಜ್ಜಿ ಎರಡು ಸಲ ಓದಿ, ತನ್ನ ಕೈಯಲ್ಲಿದ್ದ ಊಟದ ತಟ್ಟೆಯನ್ನು ತಿರುಗಿಸಿ ಅದರ ಮೇಲಿನ ಹೆಸರು ನೋಡಿದರು.

ಸೀತಾರಾಮರು ಓಡೋಡಿ ಬಂದರು. ಮೇಡಂ, ಸಾರ್‌ಗೆ ಸನ್ಮಾನ ಇಟ್ಟುಕೊಂಡಿದ್ದೇವೆ, ಇದನ್ನು ತೆಗೆಯಿರಿ, ಮನೆಯ ಮಾತು ಮನೆಯಲ್ಲಿರಲಿ ಎಂದು ತಗ್ಗಿದ ದನಿಯಲ್ಲಿ ಬೇಡಿಕೊಂಡರು.

“ಕಾಗದದಾಗ ಇದ್ದದ್ದಷ್ಟ ಖರೆ ಅಂದಿದ್ರಿ. ಇದೂ ಕಾಗದನ ಐತಿ. ಇದರಾಗ ಸುಳ್ಳು ಎಲ್ಲಿ ಐತಿ ತೋರಸ್ರಿ, ಈಗ ತಗೀತೀನಿ.”

ಸೀತಾರಾಮರು ಕನ್ನಡಕ ಏರಿಸಿ ಮೇಲಿನಿಂದ ಕೆಳಗೆ ಓದಿದರು. ಮೂವತ್ತೈದು ವರ್ಷ ಬೇರೆಯವರ ಕಾಗದದಲ್ಲಿ ತಪ್ಪು ಹುಡುಕಿದ ಕಣ್ಣು. ಕೊನೆಗೆ ಅವರು ಹೇಳಿದ್ದು, ಸಹಿ ಇಲ್ಲದೆ ಇದು ಊರ್ಜಿತವಲ್ಲ ಎಂದು. ಕಮಲಾಕ್ಷಿಯೂ ಅದನ್ನೇ ಕಾಯುತ್ತಿದ್ದಳು. ಗಂಡನನ್ನು ಕರೆದಳು.

ಮಲ್ಲಿಕಾರ್ಜುನರು ಹೊಸ ಜುಬ್ಬದಲ್ಲಿ ವೇದಿಕೆಯ ಹತ್ತಿರ ನಿಂತಿದ್ದರು. ಬಂದರು, ಓದಿದರು. ಕಿವಿಯ ತುದಿ ಕೆಂಪಾಯಿತು. ಸುತ್ತ ಹತ್ತು ಹದಿನೈದು ಜನ. ಪೂರ್ವಿಯೂ ಇದ್ದಳು. ಎಲ್ಲರ ಎದುರಿಗೇ ಬೇಕಾ ಎಂದು ಅವರು ಮೆಲ್ಲಗೆ ಕೇಳಿದರು.

“ನಂದು ನಂದು ಅಂತ ಎಲ್ಲಾರ ಎದುರಿಗೇ ಹೇಳ್ಕೋತ ಬಂದೀರಿ. ಇದನ್ನೂ ಎಲ್ಲಾರ ಎದುರಿಗೇ ಹಾಕ್ರಿ.”

ಅವರು ಜೇಬಿನಿಂದ ಪೆನ್ನು ತೆಗೆದರು. ಅವರೇನು ದುಷ್ಟರಲ್ಲ, ಬರೆದದ್ದು ನಿಜವೆಂದು ಅವರಿಗೆ ಗೊತ್ತಿತ್ತು. ಬೇಗ ಮುಗಿಸಿಬಿಡೋಣ ಎಂಬಂತೆ ಬಾಗಿ, ಒಂದೇ ಎಳೆತಕ್ಕೆ ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕಿ ನೆಟ್ಟಗೆ ನಿಂತರು.

ಪೂರ್ವಿ ಬಾಯಿಗೆ ಕೈ ಅಡ್ಡ ಹಿಡಿದಳು. ಮಲ್ಲಿಕಾರ್ಜುನರು ಮತ್ತೆ ಹಾಳೆಯ ಕಡೆ ನೋಡಿದರು. ಅವರ ಸಹಿ ಬಿದ್ದದ್ದು ‘ಒಡೆಯರ ಸಹಿ’ ಎಂಬ ಮನೆಯಲ್ಲಿ.

ಬೇಕೆಂದು ಮಾಡಿದ್ದಲ್ಲ. ಗೇಟಿನ ಚೀಟಿ, ಪಾರ್ಸಲ್ಲಿನ ರಸೀದಿ, ಮನೆಯ ಕರಾರು, ಗ್ಯಾಸಿನ ಪುಸ್ತಕ, ಎಲ್ಲದರಲ್ಲೂ ಆ ಕೈ ಹೋಗಿ ಕೂತದ್ದು ಆ ಜಾಗದಲ್ಲೇ. ಕೈ ತನ್ನ ದಾರಿ ತಾನೇ ಹಿಡಿದಿತ್ತು. ಕಮಲಾಕ್ಷಿ ಅದನ್ನು ನೋಡಿದಳು. ಚಮಚ ನೋಡಿದಾಗ ಬಂದ ಸಿಟ್ಟಿಗಿಂತ ಇದು ದೊಡ್ಡದಾಗಿತ್ತು. ಆದರೆ ಈಗ ಅವಳೊಬ್ಬಳೇ ಹೇಳಬೇಕಾದದ್ದು ಏನೂ ಉಳಿದಿರಲಿಲ್ಲ. ಎಲ್ಲರೂ ನೋಡಿದ್ದರು, ಮಲ್ಲಿಕಾರ್ಜುನರೂ ನೋಡಿದ್ದರು.

ಬೇರೆ ಹಾಳೆಯಲ್ಲಿ ಬರೆದುಕೊಡು, ಸರಿಯಾಗಿ ಹಾಕುತ್ತೇನೆ ಎಂದು ಮಲ್ಲಿಕಾರ್ಜುನರು ತೊದಲಿದರು. ಕಮಲಾಕ್ಷಿ ತಲೆಯಾಡಿಸಿದಳು. ಬೇರೆ ಹಾಳೆ ಇಲ್ಲ, ಇದೇ ಇರಲಿ ಎಂದಳು. ಆಗ ಸೀತಾರಾಮರು ಗಂಟಲು ಸರಿಮಾಡಿಕೊಂಡರು. ಅವರ ದನಿ ಅವತ್ತು ಫೋನಿನಲ್ಲಿ ಇದ್ದಷ್ಟೇ ತಣ್ಣಗಿತ್ತು.

“ವೈಟ್ನರ್ ಹಚ್ಚೋ ಹಾಗಿಲ್ಲ ಸಾರ್. ನಿಮ್ಮ ಹೆಸರಿನ ಮೇಲೆ ನೀವೇ ಅಡ್ಡಗೆರೆ ಎಳೀಬೇಕು. ಪಕ್ಕದಲ್ಲಿ ಚಿಕ್ಕ ಸಹಿ, ತಾರೀಖು. ಬೇರೆ ಯಾರು ಎಳೆದರೂ ನಡೆಯೋದಿಲ್ಲ.”

ವೇದಿಕೆಯ ಮೈಕಿನಲ್ಲಿ ಹೆಸರು ಕೂಗಿದರು, ಶ್ರೀ ಎಂ. ಎಸ್. ಹೊಸಮನಿಯವರು ಸನ್ಮಾನಕ್ಕೆ ಬರಬೇಕು ಎಂದು. ಇನ್ನೊಮ್ಮೆ ಕೂಗಿದರು. ಮಲ್ಲಿಕಾರ್ಜುನರು ಆ ಕಡೆ ತಿರುಗಲಿಲ್ಲ. ಮುಚ್ಚಳ ತೆಗೆದು, ತಮ್ಮ ಹೆಸರಿನ ಮೇಲೆ, ಎಡದಿಂದ ಬಲಕ್ಕೆ, ನಿಧಾನವಾಗಿ ಗೆರೆ ಎಳೆದರು. ಅಷ್ಟು ಚಿಕ್ಕ ಗೆರೆಗೆ ಅಷ್ಟು ಹೊತ್ತು ಬೇಕಾಯಿತು. ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರು, ತಾರೀಖು ಬರೆದರು. ಆಮೇಲೆ ಇನ್ನೊಂದು ಮನೆಯನ್ನು ಬೆರಳಿಟ್ಟು ಹುಡುಕಿ, ಮೇಲೆ ಬರೆದದ್ದನ್ನು ಓದಿಕೊಂಡು, ಅಲ್ಲಿ ಸಹಿ ಹಾಕಿದರು.

ಕಮಲಾಕ್ಷಿ ಅವರ ಕೈಯಿಂದ ಪೆನ್ನು ತೆಗೆದುಕೊಂಡಳು. ಹೊಡೆದುಹಾಕಿದ ಹೆಸರಿನ ಕೆಳಗೆ ಉಳಿದ ಜಾಗ ಬಹಳ ಸಣ್ಣದು. ಅದರಲ್ಲೇ ತನ್ನ ಹೆಸರನ್ನು ಪೂರ್ತಿಯಾಗಿ, ಒಂದಕ್ಷರವನ್ನೂ ಮೊಟಕು ಮಾಡದೆ ಬರೆದಳು.